ಮನೋವ್ಯಾಧಿಯ ಪೂರ್ವವೃತ್ತಾಂತವೂ ವಲಸೆಯ ವೈದ್ಯಪರೀಕ್ಷೆಯೂ

ವಿವಾಹದ ಮಾತುಕತೆ ನಡೆಯುವ ಕಾಲದಲ್ಲಿ ಗೋತ್ರ, ನಕ್ಷತ್ರ, ವಿದ್ಯೆ, ವೇತನ, ಮನೆಯ ಮೇಲಿನ ಸಾಲ ಇವೆಲ್ಲವನ್ನೂ ಸವಿಸ್ತಾರವಾಗಿ ವಿಚಾರಿಸಿಕೊಳ್ಳುವ ನಮ್ಮ ಹಿರಿಯರು, ವಧುವಾಗಲಿ ವರನಾಗಲಿ ಎಂದಾದರೊಮ್ಮೆ ಮನೋವೈದ್ಯರಲ್ಲಿಗೆ ಹೋಗಿದ್ದುದುಂಟೆ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಬಾಯಿಬಿಟ್ಟು ಕೇಳುವುದು ಅಪೂರ್ವ. ಕೇಳಿದರೂ ‘ಸ್ವಲ್ಪ ನರಗಳ ದೌರ್ಬಲ್ಯವಿತ್ತು, ಈಗ ಏನೂ ಇಲ್ಲ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಬರುವುದು ಇನ್ನೂ ಅಪೂರ್ವ. ಈ ಮೌನಕ್ಕೆ ಕಾರಣವಿಲ್ಲದಿಲ್ಲ. 1955ರ ಹಿಂದೂ ವಿವಾಹ ಕಾಯಿದೆಯ 5ನೆಯ ಕಲಮು ಮನೋವೈಕಲ್ಯವನ್ನೂ ಮರುಕಳಿಸುವ ಉನ್ಮಾದವನ್ನೂ ವಿವಾಹಕ್ಕೆ ಅಡ್ಡಿಯೆಂದು ಇಂದಿಗೂ ಎಣಿಸುತ್ತದೆ. ಅಪಸ್ಮಾರವನ್ನು ಆ ಪಟ್ಟಿಯಿಂದ ತೆಗೆದುದೇ 1999ರಲ್ಲಿ. ಹೀಗೆ ಮುಚ್ಚಿಟ್ಟ ಸಂಗತಿಯೊಂದು ಮದುವೆಯ ಚಪ್ಪರವನ್ನು ದಾಟಿ, ಆಶೀರ್ವಾದದ ಅಕ್ಷತೆಯನ್ನು ಹೊತ್ತು, ವರ್ಷವೊಂದೆರಡು ಕಳೆದ ಮೇಲೆ, ಗಂಡ ಅಮೆರಿಕದ ಪೌರನೋ ಗ್ರೀನ್ ಕಾರ್ಡ್ ಉಳ್ಳವನೋ ಆಗಿರುವ ಪಕ್ಷದಲ್ಲಿ, ಒಬ್ಬ ಅಪರಿಚಿತ ವೈದ್ಯನ ಮೇಜಿನ ಮುಂದೆ ಬಂದು ನಿಲ್ಲುತ್ತದೆ. ಸಂಬಂಧ ಕುದುರಿಸುವಾಗ ಪ್ರಯೋಜನಕ್ಕೆ ಬಂದ ಮುಚ್ಚುಮರೆ ಈ ಮೇಜಿನ ಮುಂದೆ ಅನರ್ಥಕ್ಕೆ ಹೇತುವಾಗುತ್ತದೆಂಬುದನ್ನೂ, ಅಲ್ಲಿ ಕೇಳುವ ಪ್ರಶ್ನೆ ನಮ್ಮ ಭಯ ಕಲ್ಪಿಸಿಕೊಂಡಷ್ಟು ಕ್ರೂರವಾದುದಲ್ಲವೆಂಬುದನ್ನೂ ತಿಳಿಸುವುದಕ್ಕಾಗಿ ಈ ಲೇಖನ.

ಕ್ರಮವನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಪತ್ನಿಗಾಗಿ ಪತಿ, ಅಥವಾ ಪತಿಗಾಗಿ ಪತ್ನಿ, ಅಮೆರಿಕದಲ್ಲಿ ಐ-130 ಎಂಬ ಅರ್ಜಿಯನ್ನು ಸಲ್ಲಿಸುತ್ತಾರೆ, ಅದು ಅಂಗೀಕೃತವಾದ ಮೇಲೆ ಡಿಎಸ್-260 ಎಂಬ ದೀರ್ಘ ಪ್ರಶ್ನಾವಳಿ, ಅನಂತರ ವೈದ್ಯಪರೀಕ್ಷೆ, ಕೊನೆಗೆ ಸಂದರ್ಶನ. ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟಿನ ಉದ್ಘಾಟನೆ ನಡೆದುದು ನಿಜವಾದರೂ, ವಲಸೆ ವೀಸಾದ ಸಂದರ್ಶನಕ್ಕೆ ನಮ್ಮವರು ಹೋಗಬೇಕಾದುದು ಸಾಮಾನ್ಯವಾಗಿ ಮುಂಬಯಿಗೆ. ಪರೀಕ್ಷೆ ನಡೆಸುವವರು ಕಾನ್ಸುಲೇಟು ನಿಯಮಿಸಿದ ಭಾರತೀಯ ವೈದ್ಯರೇ. ಜನರ ಬಾಯಲ್ಲಿ ಅವರು ‘ಪ್ಯಾನೆಲ್ ಡಾಕ್ಟರ್’, ಆ ಪರೀಕ್ಷೆ ಬರಿಯ ‘ಮೆಡಿಕಲ್’. ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ, ಚುಚ್ಚುಮದ್ದುಗಳ ಲೆಕ್ಕ ಇವು ಮುಗಿದಮೇಲೆ ವೈದ್ಯ ಒಂದು ಪ್ರಶ್ನೆಪತ್ರವನ್ನು ಎದುರಿಗಿಟ್ಟುಕೊಂಡು ಪೂರ್ವವೃತ್ತಾಂತವನ್ನು ಕೇಳುತ್ತಾನೆ: ಕ್ಷಯ, ಹೃದ್ರೋಗ, ಸಕ್ಕರೆ ಕಾಯಿಲೆ, ಖಿನ್ನತೆ ಮೊದಲಾದ ಮನೋವ್ಯಾಧಿ, ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇದ್ದುದುಂಟೆ, ಮದ್ಯದಿಂದಲೋ ಮನೋವ್ಯಾಧಿಯಿಂದಲೋ ಪರರಿಗೆ ಗಾಯವಾಗುವಂತೆ, ಸ್ವತ್ತಿಗೆ ಹಾನಿಯಾಗುವಂತೆ ನಡೆದುದುಂಟೆ, ಪ್ರಾಣವನ್ನು ಕಳೆದುಕೊಳ್ಳಲು ಎಂದಾದರೂ ಯತ್ನಿಸಿದುದುಂಟೆ. ಹಾಗೆ ಕೇಳುತ್ತಿರುವಾಗಲೇ ಎದುರಿಗಿರುವವರ ಮಾತಿನ ಸಾಂಗತ್ಯ, ಮುಖಭಾವ, ಸ್ಮೃತಿ, ದಿನ ತಿಥಿಗಳ ಪರಿಜ್ಞಾನ ಇವನ್ನೂ ಆತ ಗಮನಿಸುತ್ತಿರುತ್ತಾನೆ. ಮುಂಗೈಯ ಹಳೆಯ ಗೀರುಗಳನ್ನು ಬಳೆಯ ಸಾಲಿನ ಕೆಳಗೆ ಮರೆಮಾಡಿಕೊಂಡು ಬಂದವಳಿಗೆ, ಬಳೆಗಳನ್ನು ಮೇಲಕ್ಕೆ ಸರಿಸಿ ರಕ್ತದ ಒತ್ತಡ ನೋಡುವ ದಾದಿಯೇ ಮೊದಲನೆಯ ಪರೀಕ್ಷಕಿ.

ಈಗ ನಿಜವಾದ ಪ್ರಶ್ನೆ: ಖಿನ್ನತೆ ಇತ್ತೆಂದು ಒಪ್ಪಿಕೊಂಡರೆ ವೀಸಾ ತಪ್ಪುತ್ತದೆಯೆ? ಅಮೆರಿಕದ ವಲಸೆ ಕಾಯಿದೆಯ 212ನೆಯ ಕಲಮು ಖಿನ್ನತೆಯಂತಹ ಮನೋವ್ಯಾಧಿಯೊಂದನ್ನೇ ಹಿಡಿದು ಯಾರನ್ನೂ ನಿರಾಕರಿಸುವುದಿಲ್ಲ. ನಿರಾಕರಣೆಗೆ ಎರಡು ಅಂಶಗಳು ಕೂಡಬೇಕು: ದೈಹಿಕವೋ ಮಾನಸಿಕವೋ ಆದ ವ್ಯಾಧಿಯೊಂದಿರಬೇಕು, ಅದಕ್ಕೆ ಅನುಬಂಧವಾಗಿ ತನಗೋ ಪರರಿಗೋ ಸ್ವತ್ತಿಗೋ ಅಪಾಯವನ್ನು ತರುವ ವರ್ತನೆಯೂ ಇರಬೇಕು. ಅಂತಹ ವರ್ತನೆ ಹಿಂದೆ ಇದ್ದು ಈಗ ಇಲ್ಲವಾದಲ್ಲಿ, ಅದು ಮರುಕಳಿಸುವ ಸಂಭವ ಉಂಟೆಂದು ವೈದ್ಯನಿಗೆ ತೋರಬೇಕು. ಇವೆರಡೂ ಕೂಡಿದಾಗ ವೈದ್ಯ ‘ಎ ವರ್ಗ’ವೆಂದು ಬರೆಯುತ್ತಾನೆ, ಅದು ಪ್ರವೇಶಕ್ಕೆ ಪ್ರತಿಬಂಧ. ವ್ಯಾಧಿಯುಂಟು, ಅಪಾಯದ ವರ್ತನೆಯಿಲ್ಲ ಎಂದಾದರೆ ‘ಬಿ ವರ್ಗ’; ಅದು ಕೇವಲ ಒಂದು ಉಲ್ಲೇಖ, ವೀಸಾಕ್ಕೆ ಅಡ್ಡಿಯಲ್ಲ. ವೈದ್ಯ ತನ್ನ ಅಭಿಪ್ರಾಯವನ್ನು ಬರೆದು ಕಳುಹಿಸುತ್ತಾನೆಯೇ ಹೊರತು ವೀಸಾ ಕೊಡುವವನೂ ನಿರಾಕರಿಸುವವನೂ ಆತನಲ್ಲ. ಆ ಅಧಿಕಾರ ಕಾನ್ಸುಲರ್ ಅಧಿಕಾರಿಯದು.

ಈ ವಿವೇಕ ಅಮೆರಿಕಕ್ಕೆ ಸುಲಭವಾಗಿ ಬಂದುದಲ್ಲ. ಅದರ ಪೂರ್ವವೃತ್ತಾಂತವೂ ಪರೀಕ್ಷೆಗೆ ಒಳಪಡಿಸತಕ್ಕದ್ದೇ. 1882ರ ಕಾಯಿದೆ ಅಪರಾಧಿಗಳ ಜೊತೆಯಲ್ಲಿಯೇ ಹುಚ್ಚರನ್ನೂ ಜಡಬುದ್ಧಿಯವರನ್ನೂ ಹಡಗಿನಿಂದ ಇಳಿಯಗೊಡಲಿಲ್ಲ. 1903ರಲ್ಲಿ ಅಪಸ್ಮಾರಿಗಳು ಸೇರಿದರು; ಐದು ವರ್ಷಗಳೊಳಗಾಗಿ ಬುದ್ಧಿಭ್ರಮಣೆಗೆ ತುತ್ತಾದವರು, ಜೀವಮಾನದಲ್ಲಿ ಎಂದಾದರೂ ಎರಡು ಬಾರಿ ತುತ್ತಾದವರು ಸೇರಿದರು. 1917ರಲ್ಲಿ ಆ ಎರಡು ಬಾರಿ ಒಂದಕ್ಕಿಳಿಯಿತು: ಎಂದೋ ಒಮ್ಮೆ ಮತಿ ಕದಡಿದವನಿಗೆ ಬಾಗಿಲು ಎಂದೆಂದಿಗೂ ಮುಚ್ಚಿತು. ಅದೇ ವರ್ಷದ ಅದೇ ಕಾಯಿದೆ ಭಾರತವನ್ನು ಒಳಗೊಂಡ ಏಷ್ಯಾದ ಬಹುಭಾಗವನ್ನೇ ನಿಷಿದ್ಧ ವಲಯವೆಂದು ಸಾರಿದುದರಿಂದ, ನಮ್ಮವರ ಪಾಲಿಗೆ ಮನಸ್ಸು ಸ್ವಸ್ಥವಾಗಿದ್ದರೂ ಒಂದೇ, ಅಸ್ವಸ್ಥವಾಗಿದ್ದರೂ ಒಂದೇ ಎಂಬಂತಾಯಿತು. 1946ರಲ್ಲಿ ವರ್ಷಕ್ಕೆ ನೂರು ಮಂದಿ ಎಂಬ ಲೆಕ್ಕದಲ್ಲಿ ಭಾರತೀಯರಿಗೆ ಬಾಗಿಲು ತೆರೆಯುವವರೆಗೆ ಆ ಸ್ಥಿತಿಯೇ ಮುಂದುವರಿಯಿತು.

ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ನಡೆಯುತ್ತಿದ್ದ ಪರೀಕ್ಷೆಯ ವಿಧಾನ ಅರಿತುಕೊಳ್ಳತಕ್ಕದ್ದು. ಹಡಗಿನಿಂದಿಳಿದ ಯೂರೋಪಿನ ಬಡವರು ಗಂಟುಮೂಟೆಗಳನ್ನು ಹೊತ್ತು ಸಾಲಾಗಿ ಮುಂದುವರಿಯುತ್ತಿರಲು, ಸಮವಸ್ತ್ರದ ವೈದ್ಯರು ನಿಂತಲ್ಲಿಯೇ ನಿಂತು, ಒಬ್ಬೊಬ್ಬರ ಮೇಲೆ ಕೆಲವೇ ಕ್ಷಣಗಳ ದೃಷ್ಟಿ ಹಾಯಿಸಿ, ಸಂದೇಹ ಬಂದವರ ಅಂಗಿಯ ಮೇಲೆ ಸೀಮೆಸುಣ್ಣದಿಂದ ಒಂದು ಅಕ್ಷರವನ್ನು ಎಳೆಯುತ್ತಿದ್ದರು. ಬಲಭುಜದ ಮೇಲೆ ಗುಣಾಕಾರದ ಚಿಹ್ನೆ ಬಿದ್ದರೆ ಮಾನಸಿಕ ನ್ಯೂನತೆಯ ಸಂಶಯ. ಆ ಚಿಹ್ನೆಯ ಸುತ್ತ ವೃತ್ತವೂ ಇದ್ದರೆ ಸ್ಪಷ್ಟ ಲಕ್ಷಣ ಕಂಡಿತೆಂದು ಅರ್ಥ. ದಿನಗಟ್ಟಲೆ ಸಮುದ್ರದ ಮೇಲೆ ತೂಗಾಡಿ, ಭಾಷೆ ತಿಳಿಯದ ನೆಲದಲ್ಲಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಪ್ಪಾಗಿ ನಿಂತ ಹೆಂಗಸಿನ ಮುಖದಲ್ಲಿ ಬುದ್ಧಿಯ ಕಳೆಯನ್ನು ಅಳೆಯುವುದೆಂದರೆ ಅದು ವೈದ್ಯವೋ ಸಾಮುದ್ರಿಕವೋ ಹೇಳುವುದು ಕಷ್ಟ. 1912ರಿಂದ 1916ರವರೆಗೆ ಅಲ್ಲಿದ್ದ ಹೋವರ್ಡ್ ನಾಕ್ಸ್ ಎಂಬ ವೈದ್ಯ ಈ ಅನ್ಯಾಯವನ್ನು ಅಷ್ಟಿಷ್ಟು ಕಂಡಿರಬೇಕು. ಭಾಷೆಯ ಹಂಗಿಲ್ಲದ ಪರೀಕ್ಷೆಗಳನ್ನು ಆತ ರಚಿಸಿದ: ನಾಲ್ಕು ಮರದ ಘನಗಳನ್ನು ಸಾಲಾಗಿಟ್ಟು, ಬೇರೊಂದು ಚಿಕ್ಕ ಘನದಿಂದ ಅವನ್ನು ಒಂದು ಕ್ರಮದಲ್ಲಿ ತಟ್ಟಿ, ಹಾಗೆಯೇ ತಟ್ಟಲು ಹೇಳುವುದು. ಆ ಘನಗಳ ಆಟ ಮುಂದೆ ಮನಶ್ಶಾಸ್ತ್ರದ ಪ್ರಯೋಗಾಲಯಗಳಲ್ಲಿ ಬಹುಕಾಲ ಬಾಳಿತು. ಅದೇ ದ್ವೀಪಕ್ಕೆ ಹೆನ್ರಿ ಗೊಡಾರ್ಡ್ ಎಂಬ ಮನಶ್ಶಾಸ್ತ್ರಜ್ಞ ಬಿನೆಯ ಬುದ್ಧಿಪರೀಕ್ಷೆಯನ್ನು ಹೊತ್ತುತಂದು, ತಾನು ಪರೀಕ್ಷಿಸಿದ ಯಹೂದ್ಯರು, ಇಟಲಿಯವರು, ಹಂಗೆರಿಯವರು, ರಷ್ಯದವರಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಮಂದಬುದ್ಧಿಯವರೆಂದು 1917ರಲ್ಲಿ ಪ್ರಕಟಿಸಿದ. ಫಲಿತಾಂಶ ಇಷ್ಟು ವಿಪರೀತವಾಗಿ ಬಂದಾಗ ಅಳೆಯುವ ಕೋಲನ್ನು ಅನುಮಾನಿಸಬೇಕೆಂಬ ಸಾಮಾನ್ಯಬುದ್ಧಿ ಆ ವಿದ್ವಾಂಸನಿಗೆ ಸಕಾಲದಲ್ಲಿ ಹೊಳೆಯಲಿಲ್ಲ.

1952ರ ಕಾಯಿದೆಯೂ ಹಳೆಯ ಪಟ್ಟಿಯನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. ಅದರಲ್ಲಿದ್ದ ‘ವಿಕೃತ ವ್ಯಕ್ತಿತ್ವ’ವೆಂಬ ಮಾತಿನ ಬಲದಿಂದ ಸಲಿಂಗಕಾಮಿಗಳನ್ನು ಹೊರಗಟ್ಟಬಹುದೆಂದು ಅಮೆರಿಕದ ಸುಪ್ರೀಂ ಕೋರ್ಟು 1967ರ ಬೂಟಿಲಿಯೆ ಪ್ರಕರಣದಲ್ಲಿ ಒಪ್ಪಿತು. 1979ರಲ್ಲಿ ಅಲ್ಲಿಯ ಸರ್ಜನ್ ಜನರಲ್ ಜೂಲಿಯಸ್ ರಿಚ್ಮಂಡ್, ರೋಗವಲ್ಲದುದನ್ನು ರೋಗವೆಂದು ತನ್ನ ವೈದ್ಯರು ಇನ್ನು ಪ್ರಮಾಣೀಕರಿಸತಕ್ಕದ್ದಲ್ಲವೆಂದು ಆಜ್ಞೆ ಹೊರಡಿಸಿದ. ಕಡೆಗೆ 1990ರ ಕಾಯಿದೆ ಈ ಹೆಸರುಗಳನ್ನೆಲ್ಲ ಒಮ್ಮೆಗೇ ಅಳಿಸಿ, ವ್ಯಾಧಿಯ ನಾಮಧೇಯಕ್ಕೆ ಬದಲಾಗಿ ವರ್ತನೆಯ ಅಪಾಯವನ್ನು ಮಾತ್ರ ಮಾನದಂಡವಾಗಿ ನಿಲ್ಲಿಸಿತು. ನೂರೆಂಟು ವರ್ಷ ಹಿಡಿದ ಈ ಪರಿವರ್ತನೆಯನ್ನು ನಾನು ದೊಡ್ಡದೆಂದೇ ಎಣಿಸುತ್ತೇನೆ. ನಮ್ಮ ವಿವಾಹ ಕಾಯಿದೆ ಇನ್ನೂ ಉನ್ಮಾದದ ಹೆಸರಿನಲ್ಲಿಯೇ ಮಾತನಾಡುತ್ತಿರುವಾಗ ಈ ಮೆಚ್ಚಿಕೆಗೆ ಸ್ವಲ್ಪ ನಾಚಿಕೆಯೂ ಬೆರೆಯುತ್ತದೆ.

ಧಾರವಾಡದ ಒಬ್ಬ ಉಪನ್ಯಾಸಕಿಯನ್ನು ಕಲ್ಪಿಸಿಕೊಳ್ಳೋಣ. ತಂದೆ ತೀರಿಕೊಂಡ ವರ್ಷ ಆಕೆಗೆ ನಿದ್ರೆ ಹಾರಿತು, ಅನ್ನ ಸೇರದಾಯಿತು, ತರಗತಿಗೆ ಹೋಗುವುದು ನಿಂತಿತು. ಮನೆಯವರು ಮೊದಲು ‘ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ’ ಎಂದರು, ಆಮೇಲೆ ದೇವರಿಗೆ ಮುಡಿಪು ಕಟ್ಟಿದರು, ಕಟ್ಟಕಡೆಗೆ ವೈದ್ಯರಲ್ಲಿಗೆ ಕರೆದುಕೊಂಡು ಹೋದರು. ವರ್ಷದ ಮೇಲೆ ಎಸ್ಸಿಟಲೋಪ್ರಾಮ್ ಮಾತ್ರೆ ತೆಗೆದುಕೊಂಡಳು, ಚೇತರಿಸಿಕೊಂಡಳು, ಮಾತ್ರೆ ನಿಂತಿತು, ಪಾಠ ಮುಂದುವರಿಯಿತು. ಈಕೆ ಪ್ಯಾನೆಲ್ ವೈದ್ಯನ ಮುಂದೆ ನಡೆದುದನ್ನು ನಡೆದಂತೆ ಹೇಳಿ, ಚಿಕಿತ್ಸೆ ಮಾಡಿದ ವೈದ್ಯರ ಪತ್ರವೊಂದನ್ನು ಮುಂದಿಟ್ಟಳೆಂದರೆ, ಆತ ಬರೆಯುವುದು ಹೆಚ್ಚೆಂದರೆ ‘ಬಿ ವರ್ಗ’. ಅದನ್ನೂ ಬರೆಯದೆ ಬಿಡಬಹುದು. ಮಾತ್ರೆಯನ್ನು ಇಂದಿಗೂ ನುಂಗುತ್ತಿರುವುದೂ ದೋಷವಲ್ಲ. ಚಿಕಿತ್ಸೆಗೆ ಬದ್ಧಳಾಗಿದ್ದಾಳೆಂಬುದು ಆಕೆಯ ಪರವಾದ ಸಾಕ್ಷ್ಯವೇ ಆದುದರಿಂದ, ‘ಮೆಡಿಕಲ್’ಗೆ ಮುಂಚೆ ತಿಂಗಳೆರಡು ತಿಂಗಳು ಮಾತ್ರೆಯನ್ನು ನಿಲ್ಲಿಸಿ ‘ಶುದ್ಧ’ರಾಗಿ ಹೋಗುವ ಕೆಲವರ ಉಪಾಯ ಅವಿವೇಕದ ಪರಮಾವಧಿ: ಮಾತ್ರೆ ಬಿಟ್ಟ ಮನಸ್ಸು ಸರಿಯಾಗಿ ಪರೀಕ್ಷೆಯ ದಿನವೇ ಕದಡುವ ಸಂಭವ ಉಂಟು.

ಆತ್ಮಹತ್ಯೆಯ ಯತ್ನದ ವಿಷಯ ಇಷ್ಟು ಸರಳವಲ್ಲ. ತನಗೆ ತಾನೇ ಅಪಾಯ ತಂದುಕೊಳ್ಳುವುದೂ ಕಾಯಿದೆಯ ಎಣಿಕೆಯಲ್ಲಿ ಅಪಾಯವೇ. ಅಂತಹವರನ್ನು ಪ್ಯಾನೆಲ್ ವೈದ್ಯ ಸಾಮಾನ್ಯವಾಗಿ ಮನೋವೈದ್ಯರ ಬಳಿಗೆ ಕಳುಹಿಸುತ್ತಾನೆ: ಎಷ್ಟು ವರ್ಷದ ಹಿಂದೆ, ಯಾವ ಸನ್ನಿವೇಶದಲ್ಲಿ, ಅನಂತರ ಚಿಕಿತ್ಸೆಯಾಯಿತೆ, ಮತ್ತೆ ಆ ಯೋಚನೆ ಸುಳಿದುದುಂಟೆ ಎಂಬುದರ ವಿಚಾರಣೆ ನಡೆಯುತ್ತದೆ. ಇಷ್ಟು ವರ್ಷ ಕಳೆದಿದ್ದರೆ ಮಾಫಿ ಎಂಬ ಅಂಕಿಯೊಂದು ಕಾಯಿದೆಯಲ್ಲಿಲ್ಲ. ಮರುಕಳಿಸುವ ಸಂಭವವನ್ನು ವೈದ್ಯನೇ ಅಳೆಯಬೇಕು, ಈ ಅಳತೆಯಲ್ಲಿ ಎಲ್ಲಿಸ್ ದ್ವೀಪದ ಸೀಮೆಸುಣ್ಣದ ಧೂಳು ಇನ್ನೂ ಸ್ವಲ್ಪ ಉಳಿದಿದೆಯೆಂದರೆ ತಪ್ಪಲ್ಲ. ನಮ್ಮ ಕಡೆಯಿಂದ ಬೇರೊಂದು ತೊಡಕು ಸೇರುತ್ತದೆ. 1860ರ ದಂಡಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಯತ್ನವನ್ನು ಅಪರಾಧವೆಂದು ಸಾರಿ, ವರ್ಷದವರೆಗಿನ ಸೆರೆಯನ್ನು ವಿಧಿಸಿತ್ತು. ಆದುದರಿಂದ ಪೋಲೀಸಿನವರ ಭಯಕ್ಕೆ ಮನೆಯವರು ಆಸ್ಪತ್ರೆಯಲ್ಲಿ ‘ಕೈತಪ್ಪಿ ಕುಡಿದದ್ದು’, ‘ಔಷಧಿಯ ಪ್ರಮಾಣ ತಿಳಿಯದೆ ಆದದ್ದು’ ಎಂದು ಬರೆಯಿಸಿಕೊಂಡು ಬರುವುದು ಊರಿಗೆಲ್ಲ ತಿಳಿದ ರೂಢಿಯಾಗಿತ್ತು. 2017ರ ಮಾನಸಿಕ ಆರೋಗ್ಯ ಕಾಯಿದೆಯ 115ನೆಯ ಕಲಮು ಹಾಗೆ ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲವೇ ಇಲ್ಲ. ಆದರೆ ಅಂದು ಬರೆಯಿಸಿದ ಹುಸಿಯ ಕಾಗದ ಕಡತದಲ್ಲಿ ಹಾಗೆಯೇ ಉಳಿದಿದೆ. ಇಂದು ನಿಜ ಹೇಳುವವಳ ಮಾತಿಗೂ ಆ ಕಾಗದಕ್ಕೂ ಹೊಂದಿಕೆಯಾಗದೆ ಹೋದಾಗ, ಕಾಗದ ಏಕೆ ಹಾಗಿದೆಯೆಂಬುದನ್ನು ಚಿಕಿತ್ಸೆ ಮಾಡಿದ ಮನೋವೈದ್ಯರೇ ಪತ್ರದಲ್ಲಿ ವಿವರಿಸುವುದು ಮೇಲು.

ಮದ್ಯದ ವಿಷಯದಲ್ಲಿ ಅಂಕಿಗಳುಂಟು: ಕುಡಿತಕ್ಕೆ ಸಂಬಂಧಪಟ್ಟಂತೆ ಕಳೆದ ಐದು ವರ್ಷಗಳಲ್ಲಿ ಒಮ್ಮೆ, ಇಲ್ಲವೆ ಹತ್ತು ವರ್ಷಗಳಲ್ಲಿ ಎರಡು ಬಾರಿ ಬಂಧನಕ್ಕೊಳಗಾದವರನ್ನು ವೈದ್ಯನ ಹೆಚ್ಚಿನ ಪರೀಕ್ಷೆಗೆ ಕಳುಹಿಸುತ್ತಾರೆ. ಗಾಂಜಾ ಮೊದಲಾದ ಮಾದಕವಸ್ತುಗಳ ಚಟವಿದ್ದವರು 12 ತಿಂಗಳ ಕಾಲ ಅದರಿಂದ ದೂರವಿದ್ದುದನ್ನು ತೋರಿಸಿಕೊಡಬೇಕು. ಅಮೆರಿಕದ ಎಷ್ಟೋ ಸಂಸ್ಥಾನಗಳಲ್ಲಿ ಗಾಂಜಾ ಅಂಗಡಿಯಲ್ಲಿ ಮಾರಾಟವಾಗುತ್ತಿದೆಯಲ್ಲಾ ಎಂಬ ವಾದ ಇಲ್ಲಿ ನಡೆಯದು, ವಲಸೆ ಕೇಂದ್ರ ಸರ್ಕಾರದ ಕಾಯಿದೆಗೆ ಒಳಪಟ್ಟ ವಿಷಯವಾದುದರಿಂದ.

ಸುಳ್ಳಿನ ಮಾತಿಗೆ ಬರೋಣ. ವಿಷಯಕ್ಕೆ ಸಂಬಂಧಿಸಿದ ಸಂಗತಿಯನ್ನು ಬೇಕೆಂದೇ ಮರೆಮಾಚಿ ವೀಸಾ ಪಡೆಯಲೆತ್ನಿಸಿದವರಿಗೆ ಅದೇ 212ನೆಯ ಕಲಮು ಜೀವಾವಧಿಯ ಪ್ರತಿಬಂಧವನ್ನು ಹೇಳಿದೆ. ಅದರಿಂದ ಬಿಡುಗಡೆ ಬೇಕಾದರೆ, ಈ ನಿರಾಕರಣೆಯಿಂದ ಅಲ್ಲಿರುವ ಪತಿಗೋ ಪತ್ನಿಗೋ ತಂದೆತಾಯಿಗೋ ವಿಪರೀತ ಕಷ್ಟವಾಗುತ್ತದೆಂದು ಸಾಧಿಸಬೇಕು. ಖಿನ್ನತೆಗೆ ಇಲ್ಲದ ಶಿಕ್ಷೆ ಖಿನ್ನತೆಯನ್ನು ಅಡಗಿಸಿದುದಕ್ಕೆ ಉಂಟಾಗಬಹುದೆಂದರೆ, ‘ಏನೂ ಹೇಳಬೇಡಮ್ಮಾ, ಅವರಿಗೆ ಹೇಗೆ ಗೊತ್ತಾಗುತ್ತದೆ’ ಎಂದು ಬುದ್ಧಿ ಹೇಳುವ ಬಂಧುಗಳು ಎಂತಹ ಹಿತೈಷಿಗಳೆಂಬುದನ್ನು ಊಹಿಸಿಕೊಳ್ಳಬಹುದು. ಗೊತ್ತಾಗುವ ದಾರಿಗಳು ಬಹಳ: ಕೈಚೀಲದಲ್ಲಿನ ಮಾತ್ರೆಯ ಪಟ್ಟಿ, ಹಿಂದೆ ವಿದ್ಯಾರ್ಥಿ ವೀಸಾದ ಕಾಲದಲ್ಲಿ ಅಲ್ಲಿಯೇ ಪಡೆದ ಚಿಕಿತ್ಸೆ, ಸಂದರ್ಶನದಲ್ಲಿ ಗಂಡನ ಬಾಯಿಂದ ಜಾರಿದ ಒಂದು ಮಾತು. ಹಾಗೆಂದು ಕೇಳದಿರುವುದನ್ನೆಲ್ಲ ಒದರಬೇಕೆಂದೂ ಅಲ್ಲ. ಅಪಾಯ ತರುವಂತಹ ವ್ಯಾಧಿ ಉಂಟೆ ಎಂದು ಡಿಎಸ್-260 ಕೇಳುವಾಗ ಖಿನ್ನತೆಯಿಂದ ಗುಣಹೊಂದಿದ ಉಪನ್ಯಾಸಕಿ ‘ಇಲ್ಲ’ ಎನ್ನುವುದು ಸತ್ಯವೇ. ಮನೋವ್ಯಾಧಿ ಎಂದಾದರೂ ಇತ್ತೆ ಎಂದು ವೈದ್ಯ ಕೇಳುವಾಗ ಆಕೆ ‘ಇತ್ತು’ ಎನ್ನುವುದೂ ಸತ್ಯವೇ.

ಬೇರೆ ದೇಶಗಳ ಮಾತು ಸಂಕ್ಷೇಪವಾಗಿ. ಆರೋಗ್ಯಸೇವೆಯ ಮೇಲೆ ಅತಿಯಾದ ಭಾರ ಹೊರಿಸುವವರೆಂಬ ಕಾರಣಕ್ಕೆ ಕೆನಡಾ ಕೆಲವರನ್ನು ತಿರಸ್ಕರಿಸುವುದುಂಟಾದರೂ ಪತಿಪತ್ನಿಯರಿಗೆ ಆ ನಿಯಮ ಅನ್ವಯಿಸುವುದಿಲ್ಲ. ಆಸ್ಟ್ರೇಲಿಯಾ ಚಿಕಿತ್ಸೆಯ ವೆಚ್ಚವನ್ನು ಲೆಕ್ಕಹಾಕುತ್ತದೆ. ಆದರೆ ದಂಪತಿಗಳ ವೀಸಾದಲ್ಲಿ ವಿನಾಯಿತಿಗೆ ಎಡೆಯುಂಟು. ಬ್ರಿಟನ್ನು ಭಾರತದಿಂದ ಬರುವ ಪತಿಪತ್ನಿಯರಲ್ಲಿ ಕ್ಷಯದ ಪರೀಕ್ಷೆಯಷ್ಟನ್ನೇ ಕೇಳುತ್ತದೆ. ಆ ಸೌಜನ್ಯವನ್ನು ನೋಡಿ ಹೊಗಳುವ ಮೊದಲು, 1979ರ ಜನವರಿಯಲ್ಲಿ ವಿವಾಹಕ್ಕಾಗಿ ಹೀಥ್ರೂ ವಿಮಾನನಿಲ್ದಾಣದಲ್ಲಿ ಇಳಿದ ಭಾರತೀಯ ಮಹಿಳೆಯೊಬ್ಬಳನ್ನು ಕನ್ಯಾತ್ವದ ಪರೀಕ್ಷೆಗೆ ಒಳಪಡಿಸಿದ್ದರೆಂಬ ಸಮಾಚಾರ ಗಾರ್ಡಿಯನ್ ಪತ್ರಿಕೆಯಲ್ಲಿ ಬಂದು ದೊಡ್ಡ ಕೋಲಾಹಲವಾದುದನ್ನು ಸ್ಮರಿಸಬೇಕು.

ಅಮೆರಿಕದಲ್ಲಿಯೂ ಗಾಳಿ ಒಂದೇ ಕಡೆಗೆ ಬೀಸುತ್ತಿಲ್ಲ. ಸರ್ಕಾರಕ್ಕೆ ಹೊರೆಯಾಗುವವರೆಂಬ ಹಳೆಯ ಕಾರಣ ಕಾಯಿದೆಯಲ್ಲಿ ಪ್ರತ್ಯೇಕವಾಗಿ ಇದ್ದೇ ಇದೆ. ಅದರ ವಿಚಾರಣೆಯಲ್ಲಿ ವಯಸ್ಸು, ವಿದ್ಯೆ, ಆಸ್ತಿಗಳ ಜೊತೆಗೆ ಆರೋಗ್ಯವನ್ನೂ ನೋಡುತ್ತಾರೆ. 2025ರ ನವೆಂಬರಿನಲ್ಲಿ ಅಲ್ಲಿಯ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಕಳುಹಿಸಿದ ಸೂಚನೆಯೊಂದು, ಹೃದ್ರೋಗ, ಮಧುಮೇಹ, ಅರ್ಬುದಗಳ ಸಾಲಿನಲ್ಲಿ ಮಾನಸಿಕ ಅನಾರೋಗ್ಯವನ್ನೂ ಹೆಸರಿಸಿ, ಇವುಗಳ ಚಿಕಿತ್ಸೆಯ ವೆಚ್ಚವನ್ನು ಅರ್ಜಿದಾರ ತಾನೇ ಭರಿಸಬಲ್ಲನೆ ಎಂಬುದನ್ನು ತೂಗಿನೋಡಬೇಕೆಂದು ಹೇಳಿತು. ನಿರಪಾಯವಾಗಿದ್ದ ‘ಬಿ ವರ್ಗ’ದ ಉಲ್ಲೇಖಕ್ಕೆ ಇದರಿಂದ ಹೊಸದೊಂದು ತೂಕ ಬಂದಿತು. ಮುಂಭಾಗದ ಬಾಗಿಲಿನಿಂದ 1990ರಲ್ಲಿ ಹೊರಹೋದ ರೋಗದ ಹೆಸರು ಹಿತ್ತಲ ಬಾಗಿಲಿನಿಂದ ಮರಳುತ್ತಿದೆಯೆಂಬ ಶಂಕೆ ನನಗೂ ಉಂಟು. ಗಂಡನ ವರಮಾನದ ಪುರಾವೆ, ಆರೋಗ್ಯವಿಮೆಯ ಏರ್ಪಾಡು, ಔಷಧಿಯ ತಿಂಗಳ ಖರ್ಚು ಎಷ್ಟೆಂಬ ಸರಳ ಲೆಕ್ಕ ಇವನ್ನು ಸಂದರ್ಶನಕ್ಕೆ ಸಿದ್ಧಪಡಿಸಿಕೊಂಡು ಹೋಗುವುದು ಈಗ ಅಗತ್ಯ.

ಚಿಕಿತ್ಸೆ ಮಾಡಿದ ವೈದ್ಯರ ಪತ್ರದ ಮಾತನ್ನು ಎರಡು ಬಾರಿ ಎತ್ತಿದೆ. ಅದು ಹೇಗಿರಬೇಕೆಂಬುದನ್ನು ಹೇಳಬೇಕು. ರೋಗನಿರ್ಣಯ, ಚಿಕಿತ್ಸೆ ಆರಂಭವಾದ ಮತ್ತು ಮುಗಿದ ತಿಂಗಳು, ಔಷಧಿಯ ಹೆಸರು ಮತ್ತು ಪ್ರಮಾಣ, ಒಳರೋಗಿಯಾಗಿ ಇದ್ದಳೋ ಇಲ್ಲವೋ, ಅಪಾಯಕರ ವರ್ತನೆ ಇತ್ತೋ ಇಲ್ಲವೋ, ಈಗಿನ ಸ್ಥಿತಿ, ಮುಂದಿನ ನಿರೀಕ್ಷೆ: ಇಷ್ಟಿದ್ದರೆ ಸಾಕು. ‘ಆಕೆ ಒಳ್ಳೆಯ ಮನೆತನದ ಸುಶೀಲೆ’ ಎಂಬ ಪ್ರಶಸ್ತಿಯಿಂದ ಉಪಯೋಗವಿಲ್ಲ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯಾಗಿದ್ದು 1974ರಲ್ಲಿ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳಲ್ಲಿ ಹೊರರೋಗಿಯ ಚೀಟಿಯ ಮೇಲಿನ ನಂಬರಿನಿಂದ ಹಳೆಯ ಕಡತವನ್ನು ಹುಡುಕಿಸಬಹುದು. ತನ್ನ ದಾಖಲೆಗಳನ್ನು ನೋಡುವ ಹಕ್ಕನ್ನು 2017ರ ಕಾಯಿದೆಯ 25ನೆಯ ಕಲಮೇ ರೋಗಿಗೆ ಕೊಟ್ಟಿದೆ. ವೈದ್ಯಪರೀಕ್ಷೆಯ ಫಲಕ್ಕೆ ಸಾಧಾರಣವಾಗಿ ಆರು ತಿಂಗಳ ಆಯುಸ್ಸು ಮಾತ್ರ ಇರುವುದರಿಂದ, ಈ ಹುಡುಕಾಟ ಪರೀಕ್ಷೆಯ ದಿನ ಗೊತ್ತಾಗುವುದಕ್ಕೆ ಬಹಳ ಮುಂಚೆಯೇ ನಡೆಯಬೇಕು.

‘ಎ ವರ್ಗ’ವೆಂದು ಬರೆದರೂ ದಾರಿ ಪೂರ್ತಿಯಾಗಿ ಮುಚ್ಚುವುದಿಲ್ಲ. ಕೆಲವು ವೇಳೆ ವೈದ್ಯ ಕಾಲಾವಕಾಶ ಕೊಟ್ಟು ಮತ್ತೊಮ್ಮೆ ಪರೀಕ್ಷಿಸುತ್ತಾನೆ. ಇಲ್ಲವಾದರೆ ಐ-601 ಎಂಬ ಅರ್ಜಿಯ ಮೂಲಕ ವಿನಾಯಿತಿಯನ್ನು ಕೇಳಬಹುದು. ಅದಕ್ಕೆ ಪೂರ್ಣ ವೈದ್ಯವರದಿ ಜೊತೆಗಿರಬೇಕು. ರೋಗಿ ಬಂದಿಳಿದ ಮೇಲೆ ಆಕೆಯನ್ನು ಪರೀಕ್ಷಿಸಿ ಚಿಕಿತ್ಸೆಯ ಹೊಣೆ ಹೊರುತ್ತೇವೆಂದು ಅಮೆರಿಕದ ಒಬ್ಬ ತಜ್ಞನೋ ಒಂದು ಆಸ್ಪತ್ರೆಯೋ ಒಪ್ಪಿ ಸಹಿ ಹಾಕಬೇಕು. ಧಾರವಾಡದಲ್ಲಿ ಕುಳಿತವಳು ಅಮೆರಿಕದ ಮನೋವೈದ್ಯನನ್ನು ಹುಡುಕಿ ಆ ಸಹಿಯನ್ನು ಹೇಗೆ ಪಡೆದಾಳು? ಆ ಓಡಾಟವನ್ನು ಮಾಡಬೇಕಾದವನು ಅಲ್ಲಿರುವ ಗಂಡ. ಮದುವೆಯ ಮಾತುಕತೆಯಲ್ಲಿ ಆತನಿಗೆ ಹೇಳದೆ ಬಿಟ್ಟ ಸಂಗತಿಯನ್ನು ತಜ್ಞನ ಮುಂದೆ ವಿವರವಾಗಿ ಹೇಳಬೇಕಾದವನೂ ಆತನೇ.